ಬೆಟ್ಟದ ತುದಿಯಲ್ಲಿ ಹಾಕಿದ ಧೂಪ

ಕೊರೊನಾ ಕಾಟ ಕಳೆದು ಜನ ಮತ್ತೆ ಊರೂರು ತಿರುಗಲು ಶುರು ಮಾಡಿದ್ದ ವರ್ಷ. ಹುಲ್ಲಹಳ್ಳಿಯ ನಮ್ಮ ಮನೆಯಲ್ಲಿ ಭತ್ತದ ಕೊಯ್ಲು ಮುಗಿಯಿತೆಂದರೆ ಯಾರಿಗೂ ಕಾಲು ನಿಲ್ಲುವುದಿಲ್ಲ. ಭರಚುಕ್ಕಿ, ಚುಂಚನಕಟ್ಟೆ, ಮುಡುಕುತೊರೆ ಎಲ್ಲವನ್ನೂ ಬುತ್ತಿ ಕಟ್ಟಿಕೊಂಡು ಹೋಗಿ ಸುತ್ತಿ ಬಂದವರು ನಾವು. ನನ್ನ ತವರು ಬನ್ನೂರಿನಲ್ಲಿ ಗದ್ದೆಯ ಬದು ಬಿಟ್ಟರೆ ಹತ್ತಲು ಏನೂ ಇಲ್ಲ. ಮದುವೆಯಾದ ಹೊಸದರಲ್ಲಿ ಈ ಮನೆಯವರ ಬೆಟ್ಟದ ಹುಚ್ಚು ಕಂಡು ನಾನು ಸುಸ್ತಾಗಿ ಹೋಗಿದ್ದೆ.

ಅದರಲ್ಲೂ ನಮ್ಮತ್ತೆ. ಮನೆಯಲ್ಲಿ ಮಂಡಿನೋವು, ಸೊಂಟನೋವು ಎಂದು ದಿನವಿಡೀ ರಾಗ ಎಳೆಯುವವರು, ಬೆಟ್ಟದ ಬುಡ ಸೇರಿದರೆ ಬರಿಗಾಲಲ್ಲಿ ಎಲ್ಲರಿಗಿಂತ ಮುಂದೆ. ಶೂ ಹಾಕಿಕೊಂಡು ಏದುಸಿರು ಬಿಡುವ ನನ್ನನ್ನು ತಿರುಗಿ ನೋಡಿ ನಗುವುದು ಬೇರೆ. ಹೊಟ್ಟೆ ಉರಿಯುತ್ತಿತ್ತು, ಆದರೆ ಆ ನಡಿಗೆ ನೋಡಲು ಚೆಂದವಾಗಿತ್ತು.

ಆ ಸಲ ಹೋದದ್ದು ಗುಂಡ್ಲುಪೇಟೆ ಕಡೆಯ ಒಂದು ಕಲ್ಲುಬೆಟ್ಟಕ್ಕೆ. ಮಾವ, ಅತ್ತೆ, ನನ್ನ ಗಂಡ, ನಾನು ಮತ್ತು ಇನ್ನೂ ಶಾಲೆಗೆ ಸೇರದ ನನ್ನ ಮಗಳು. ತುದಿ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ನಾನೂ ನನ್ನವರೂ ಸ್ವಲ್ಪ ಕೆಳಗೆ ಒಂದು ಮರದ ನೆರಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದೆವು. ಮಗಳು ಅಜ್ಜಿಯ ಜೊತೆ ಮೇಲಿದ್ದಳು.

ನಮ್ಮ ಮನೆಯದೊಂದು ಪದ್ಧತಿ. ಯಾವ ಬೆಟ್ಟ ಹತ್ತಿದರೂ ತುದಿಯ ಕಲ್ಲಿಗೆ ಕಾಯಿ ಒಡೆದು, ಧೂಪ ಹಾಕದೆ ಇಳಿಯುವಂತಿಲ್ಲ. ಗುಡಿ ಇರಲಿ ಬಿಡಲಿ, ಬೆಟ್ಟವೇ ಮಾದಪ್ಪ ಎನ್ನುವುದು ಮಾವನ ಮಾತು. ಅಂದೂ ಅವರು ತೆಂಗಿನ ನಾರಿಗೆ ಬೆಂಕಿ ಹಚ್ಚಿ ಸಾಂಬ್ರಾಣಿ ಸುರಿದರು. ಹೊಗೆ ದಟ್ಟವಾಗಿ ಎದ್ದಿತು. ಅದೇ ಹೊತ್ತಿಗೆ ಗಾಳಿ ತಿರುಗಿತು. ಅಷ್ಟೂ ಹೊಗೆ ಬಂಡೆಯ ಆಚೆ ಬದಿಗೆ ಇಳಿಯಿತು. ಅಲ್ಲಿ ಹೆಜ್ಜೇನು ಕಟ್ಟಿರುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಕೇಳಿದ್ದು ಗುಂಯ್ ಎನ್ನುವ ಸದ್ದು. ತಲೆಯೆತ್ತಿ ನೋಡುವಷ್ಟರಲ್ಲಿ ಮಾವ ಟವೆಲ್ ಮುಸುಕು ಹಾಕಿಕೊಂಡು ಕೆಳಗೆ ಉರುಳಿದಂತೆ ಬರುತ್ತಿದ್ದರು. ಮಗಳು ತುದಿಯಲ್ಲೇ ನಿಂತು ಕಿರುಚುತ್ತಿದ್ದಳು. ಅತ್ತೆ ಓಡಲಿಲ್ಲ. ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡು ಅಲ್ಲೇ ಕುಕ್ಕರಿಸಿದರು. ಸೆರಗನ್ನು ಬಿಗಿಯಾಗಿ ಅವಳ ಸುತ್ತ ಸುತ್ತಿ, ಮೇಲೆ ಬಾಗಿಬಿಟ್ಟರು. ನೋಡನೋಡುತ್ತಿದ್ದಂತೆ ಅವರ ಬೆನ್ನು ಕಪ್ಪಾಯಿತು.

ನಾನು ಮೇಲೆ ಓಡಲು ಹೋದೆ. ನನ್ನವರು ರಟ್ಟೆ ಹಿಡಿದುಕೊಂಡರು. ಆಗ ಅತ್ತೆಯ ದನಿ ಬಂತು.

"ಬರ್ಬ್ಯಾಡ ಕನವ್ವ. ಕೂಸು ನನ್ ಮಡ್ಲಲ್ಲೇ ಅದೆ."

ಹುಳುಗಳು ಚದುರುವವರೆಗೆ ಎಷ್ಟು ಹೊತ್ತಾಯಿತೋ ನಾನರಿಯೆ. ಅತ್ತೆ ಕೈ ಬೀಸಲಿಲ್ಲ, ಚೀರಲಿಲ್ಲ, ಕುಳಿತ ಜಾಗದಿಂದ ಅಲುಗಲೂ ಇಲ್ಲ. ಸೆರಗಿನೊಳಗಿನಿಂದ ಮಗಳ ಅಳು ಕೇಳುತ್ತಿದ್ದುದೊಂದೇ ನನ್ನ ಜೀವ ಹಿಡಿದಿತ್ತು. ಸದ್ದು ತಗ್ಗಿದ ಮೇಲೆ ನನ್ನವರು ಊಟಕ್ಕೆಂದು ಹಾಸಿದ್ದ ಬೆಡ್‌ಶೀಟ್ ಹೊದ್ದು ಹೋಗಿ ಇಬ್ಬರನ್ನೂ ಕರೆತಂದರು.

ಮಗಳ ಬಟ್ಟೆ ಬಿಚ್ಚಿ ಅಡಿಯಿಂದ ಮುಡಿಯವರೆಗೆ ಹುಡುಕಿದೆ. ಒಂದು ಮುಳ್ಳೂ ಇರಲಿಲ್ಲ. ಅತ್ತೆಯ ಮುಖ ಮಾತ್ರ ಗುರುತು ಸಿಗದಷ್ಟು ಊದಿಕೊಂಡಿತ್ತು. ಅವರದೇ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಸಿಕ್ಕಸಿಕ್ಕಲ್ಲಿ ಬಳಿದೆ. ನನ್ನವರು ಅವರನ್ನು ಬೆನ್ನ ಮೇಲೆ ಹೊತ್ತು ಇಳಿದರು. ಮಾವನಿಗೂ ಸಾಕಷ್ಟು ಕಚ್ಚಿತ್ತು. ದಾರಿಯುದ್ದಕ್ಕೂ ಹುಳುಗಳ ವಂಶವನ್ನೇ ಜಾಲಾಡುತ್ತಿದ್ದ ಅವರಿಗೆ ಅತ್ತೆ ಬೆನ್ನ ಮೇಲಿನಿಂದಲೇ ಹೇಳಿದರು, "ಅವುನ್ಯಾಕ್ ಬಯ್ದೀರಿ? ಅವುರ್ ಮನೆಗೆ ಒಗೆ ಆಕ್ದೋರು ನಾವು."

ಆಸ್ಪತ್ರೆಯಲ್ಲಿ ನರ್ಸ್ ಬಹಳ ಹೊತ್ತು ಮುಳ್ಳು ಕೀಳುತ್ತಲೇ ಇದ್ದರು. ಇನ್ನೊಂದಿಷ್ಟು ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದ ಡಾಕ್ಟರು, ಎದ್ದು ಓಡಬಾರದಿತ್ತೇ ಅಜ್ಜಿ, ಅಲ್ಲೇ ಯಾಕೆ ಕುಳಿತಿರಿ ಎಂದು ಗದರುವ ದನಿಯಲ್ಲಿ ಕೇಳಿದರು.

"ಓಡುದ್ರೆ ಸೆರ್ಗು ಬಿಚ್ಕತ್ತದೆ ಸಾ," ಎಂದರು ಅತ್ತೆ. "ಕೂಸು ಬಯಲಾಯ್ತದೆ."

ಕಣ್ಣು ತೆರೆಯಲಾಗದ ಅತ್ತೆ ಮಂಚದ ಮೇಲೆ ಕೈಯಾಡಿಸಿ ಏನನ್ನೋ ಹುಡುಕುತ್ತಿದ್ದರು. ನಾನು ಮಗಳನ್ನು ಎತ್ತಿ ಆ ಕೈಯ ಹತ್ತಿರ ಕೂರಿಸಿದೆ. ಊದಿದ ಬೆರಳುಗಳು ಅವಳ ತಲೆ, ಕೆನ್ನೆ, ಭುಜ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದವು. ಮಗು ಪೂರ್ತಿಯಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಆ ಹೆಂಗಸು ನೋವೆಂದು ಬಾಯಿಬಿಟ್ಟು ನರಳಿದರು. ಆ ನರಳಿಕೆ ಈಗಲೂ ನನ್ನ ಕಿವಿಯಲ್ಲಿದೆ. ಹೆತ್ತವಳು ನಾನು, ಆದರೆ ನನ್ನ ಮಗಳ ಜೀವ ಎರಡನೇ ಸಲ ಬಂದದ್ದು ಅವರ ಮಡಿಲಿನಿಂದ.