ನಿಮ್ಮದೆಲ್ಲ ಆಗಲಿ

ಮಂಡ್ಯದ ಆ ಬಾಡಿಗೆ ಮನೆಯ ಮಹಡಿಗೆ ಆಶಾರಾಣಿ ಬ್ಯಾಗು ಹಿಡಿದು ಹತ್ತಿ ಬಂದಾಗ, ಮೊದಲೇ ಅಲ್ಲಿದ್ದ ಇಬ್ಬರು ಹುಡುಗಿಯರು ಅವಳ ಬೆನ್ನ ಹಿಂದೆ ಇಣುಕಿ ನೋಡಿದರು. ಯಾರೋ ತಾಯಿ ಮಗಳನ್ನು ಬಿಡಲು ಬಂದಿದ್ದಾಳೆ, ಮಗಳು ಮೆಟ್ಟಿಲ ಮೇಲೆ ಹಿಂದುಳಿದಿದ್ದಾಳೆ ಎಂದುಕೊಂಡು ಸ್ವಲ್ಪ ಹೊತ್ತು ಕಾದರು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

“ಆಂಟಿ, ನಿಮ್ ಮಗಳೆಲ್ಲಿ?” ಎಂದಳು ಗಗನ. ನಿಡಘಟ್ಟದ ಹುಡುಗಿ, ಬಿ.ಕಾಂ. ಓದುತ್ತಿದ್ದಳು. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಅವಳಲ್ಲಿ ಹೊತ್ತು ಹಿಡಿಯುತ್ತಿರಲಿಲ್ಲ.

“ಮಗಳು ಊರಲ್ಲವ್ಳೆ, ಐದನೇ ಕ್ಲಾಸು. ರೂಮಿಗೆ ಬಂದಿರೋಳು ನಾನೇ ಕಣಮ್ಮ,” ಎಂದಳು ಆಶಾರಾಣಿ.

ಗಗನ ಕಿಸಕ್ಕನೆ ನಕ್ಕಳು. ಹಲಗೂರು ಕಡೆಯ ಪ್ರಿಯಾಂಕ ಮೆತ್ತಗಿನವಳು, ಗಗನಳ ತೊಡೆಗೆ ಚಿವುಟಿ ತಾನೂ ನಕ್ಕಳು. ಆಶಾರಾಣಿಯ ಮುಖ ಕೆಂಪಗಾಯಿತು. ಮೂವತ್ತು ದಾಟಿದ ಹೆಂಗಸು ಕಾಲೇಜು ಹುಡುಗಿಯರ ನಡುವೆ ಚಾಪೆ ಹಾಸುವುದೆಂದರೆ ನಗುವ ವಿಷಯವೇ ಇರಬೇಕು ಎಂದು ಅವಳಿಗೂ ಅನ್ನಿಸಿತು. ವಾಪಸು ಇಳಿದು ಹೋಗಿಬಿಡೋಣವೇ ಎಂದು ಒಂದು ಗಳಿಗೆ ಯೋಚಿಸಿದಳು. ಆದರೆ ಬ್ಯಾಗು ಭಾರವಾಗಿತ್ತು, ಕೆಳಗಿಟ್ಟಳು.

ಆಶಾರಾಣಿ ಬಂಡೂರಿನ ಸೊಸೆ. ಬಂಡೂರು ಎಂದ ಕೂಡಲೇ ಜನ ಅಲ್ಲಿನ ಹೆಸರುವಾಸಿ ಕುರಿಯ ಸಮಾಚಾರ ಕೇಳುತ್ತಾರೆ. ಅಲ್ಲಿ ಮನುಷ್ಯರೂ ಇದ್ದಾರೆ, ಅವರಿಗೂ ಆಸೆಗಳಿವೆ ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ಇವಳಿಗಿದ್ದ ಆಸೆ ಸಣ್ಣದೇ. ಒಂದು ಹೈಸ್ಕೂಲಿನಲ್ಲಿ ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬೇಕು, ಮಕ್ಕಳು “ಮಿಸ್” ಎನ್ನಬೇಕು. ಪಿಯುಸಿ ಮುಗಿದ ಬೇಸಿಗೆಯಲ್ಲೇ ಮದುವೆ ಮಾಡಿದ್ದರು. ಮಗಳು ದೀಪಿಕ ಶಾಲೆಗೆ ಸೇರಿದ ಮೇಲೆ ಇವಳು ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದಳು. ಬಿ.ಎಡ್. ಸೀಟು ಮಂಡ್ಯದಲ್ಲಿ ಸಿಕ್ಕಿತು. ಶುರುವಿನಲ್ಲಿ ಊರಿಂದಲೇ ಓಡಾಡಿದಳು. ಹಸುಗಳ ಹಾಲು ಕರೆದು, ಅಡುಗೆ ಇಳಿಸಿ, ಮಳವಳ್ಳಿಗೆ ಬಂದು ಮಂಡ್ಯದ ಬಸ್ಸು ಹಿಡಿಯುವ ಹೊತ್ತಿಗೆ ಅಲ್ಲಿ ಒಂದೆರಡು ಪಾಠ ಮುಗಿದಿರುತ್ತಿದ್ದವು. ಗಂಡ ಶಿವರಾಜು ಊರಿನ ಹಾಲಿನ ಡೈರಿಯಲ್ಲಿ ಕೆಲಸದವನು. ಮಾತು ಕಮ್ಮಿ, ಅದರಲ್ಲೂ ಅವ್ವನೆದುರು ಇನ್ನೂ ಕಮ್ಮಿ. ಅವನೇ ಒಂದು ದಿನ ಧೈರ್ಯ ಮಾಡಿ, “ಮಂಡ್ಯದಲ್ಲೇ ಒಂದು ರೂಮು ನೋಡಾನ,” ಎಂದಿದ್ದ.

ಅತ್ತೆ ಬೆಟ್ಟಮ್ಮ ಒಪ್ಪಿದ್ದು ಒಂದು ಮಾತಿನ ಮೇಲೆ. “ಮಾರ್ನಮಿ ಗಂಟ ನೋಡಾನ. ನನ್ ಮಂಡಿ ನೋವಿನಾಗೆ ಮನೆ ನಡೆದ್ರೆ ಸರಿ. ನಡೀನಿಲ್ವಾ, ನಾನೇ ಬಂದು ಕರ್ಕೊಂಡ್ ಓಯ್ತೀನಿ. ಆಮೇಲೆ ಕಾಲೇಜು ಗೀಲೇಜು ಅನ್ನಂಗಿಲ್ಲ.” ಮಾರ್ನಮಿ ಎಂದರೆ ಸತ್ತ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ. ಆಗಲೇ ಬಹಳ ದೂರವೇನೂ ಇರಲಿಲ್ಲ.

ರೂಮು ಮಾಡಿದ್ದು ಓದುವುದಕ್ಕೆ. ಆದರೆ ಆಶಾರಾಣಿ ಮನೆ ಬಿಟ್ಟು ಬಂದಳೆಂದು ಯಾರಾದರೂ ಹೇಳಿದರೆ ನಂಬಬೇಡಿ, ಅವಳು ಮನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ದಳು. ಹುಡುಗಿಯರು ಹೊದ್ದು ಮಲಗಿರುವಾಗಲೇ ಎದ್ದು ನಲ್ಲಿ ನೀರು ಹಿಡಿಯುವಳು, ಕಸ ಗುಡಿಸುವಳು, ಬಾಡಿಗೆ ಮನೆಯ ಮೆಟ್ಟಿಲಿಗೂ ರಂಗೋಲಿ ಎಳೆಯುವಳು. ಕೆಳಗಿನ ಮನೆಯ ಒಡತಿ ಯಶೋದಮ್ಮನಿಗೆ ಇಂಥ ಬಾಡಿಗೆಯವಳು ಜನ್ಮದಲ್ಲಿ ಸಿಕ್ಕಿರಲಿಲ್ಲ. ಅಡುಗೆ ಮಾಡಿ ಇಬ್ಬರ ಡಬ್ಬಿ ಕಟ್ಟುವಳು, ಸಂಜೆ ಬಂದು ಪಾತ್ರೆ ಬೆಳಗುವಳು. ಮೊದಮೊದಲು ಹುಡುಗಿಯರು “ಬೇಡ ಆಂಟಿ, ನಾವೇ ಮಾಡ್ಕೋತೀವಿ” ಎಂದರು. ನಾಲ್ಕು ದಿನ ಕಳೆದ ಮೇಲೆ “ಆಂಟಿ, ನನ್ ಡಬ್ಬಿ ಎಲ್ಲಿ?” ಎಂದರು. ಅವರನ್ನು ಬೈಯುವುದು ಬೇಡ. ಬಿಸಿ ಊಟ ಕೈಗೆ ಬಂದು ಕೂತರೆ ನಾನಾದರೂ ಬೇಡ ಅನ್ನುತ್ತಿರಲಿಲ್ಲ.

ರಾತ್ರಿ ಊಟಕ್ಕೂ ಅಷ್ಟೇ. ಮುದ್ದೆ ತಿರುವಿ, ಕಟ್ಟಿ, ಇಬ್ಬರಿಗೂ ಬಡಿಸಿ, ಸಾರು ಬಿಟ್ಟು, ತಾನು ಗೋಡೆಗೆ ಒರಗಿ ನಿಲ್ಲುವಳು. “ಕೂತ್ಕೊಳ್ಳಿ ಆಂಟಿ” ಎಂದರೆ “ನಿಮ್ಮದೆಲ್ಲ ಆಗ್ಲಿ” ಎನ್ನುವಳು. ಅದು ಅವಳ ಮಾತಲ್ಲ, ಬೆಟ್ಟಮ್ಮನದು. ಅದಕ್ಕೂ ಮುಂಚೆ ಬೆಟ್ಟಮ್ಮನ ಅತ್ತೆಯದು. ಆ ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಬಂದವರು ಹೋದವರು ಉಂಡು ಕೈ ತೊಳೆದ ಮೇಲೆ ಒಲೆಯ ಪಕ್ಕ ಹೆಂಗಸರ ತಟ್ಟೆ. ಯಾರೂ ಹಾಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ಇಷ್ಟೆಲ್ಲ ಮುಗಿಸಿ ಪುಸ್ತಕ ತೆರೆದರೆ ಅಕ್ಷರಗಳು ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಮನೋವಿಜ್ಞಾನದ ಕಿರುಪರೀಕ್ಷೆ ಬಂತು. ಆಶಾರಾಣಿ ಫೇಲಾದಳು. ಮೇಷ್ಟ್ರು ಬೈಯಲಿಲ್ಲ, ಕನಿಕರದಿಂದಲೇ ಕೇಳಿದರು: “ಊರಿಂದ ಓಡಾಡ್ತೀರೇನಮ್ಮ? ಹತ್ತಿರದಲ್ಲೇ ಒಂದು ರೂಮು ಮಾಡಿಕೊಂಡರೆ ಓದಲು ಹೊತ್ತು ಸಿಗುತ್ತಲ್ಲ.” ರೂಮಿನಲ್ಲೇ ಇದ್ದೇನೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಪಾಠ ಹೇಳುವ ಅಭ್ಯಾಸ ಶುರುವಾಗುವುದರಲ್ಲಿತ್ತು. ಮಾರ್ನಮಿಯೂ ಹತ್ತಿರ ಬರುತ್ತಿತ್ತು. ಅತ್ತೆ ಬಂದು ಕರೆದರೆ ಇಲ್ಲ ಎನ್ನಲು ತನ್ನ ಬಳಿ ಏನಿದೆ, ಫೇಲಾದ ಪರೀಕ್ಷೆಯೇ ಎಂದು ಅವಳಿಗೆ ಅಳು ಬಂತು. ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು, ಬಂದು ಒಲೆ ಹಚ್ಚಿದಳು.

ಅವತ್ತು ಊಟ ಮುಗಿಸಿ ಹುಡುಗಿಯರು ಕೆಳಗೆ ಯಶೋದಮ್ಮನ ಮನೆಗೆ ಟಿವಿ ನೋಡಲು ಇಳಿದಿದ್ದರು. ಗಗನ ಮರೆತ ಫೋನಿಗೆಂದು ವಾಪಸು ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ಆಶಾರಾಣಿ ನೆಲದ ಮೇಲೆ ಕೂತು, ಮುದ್ದೆ ಮಾಡಿದ ಪಾತ್ರೆಯ ತಳ ಹಿಡಿದ ಸೀಕನ್ನು ಚಮಚದಲ್ಲಿ ಕೆರೆದು, ತಣ್ಣಗಾದ ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ತಟ್ಟೆಯೂ ಇರಲಿಲ್ಲ.

“ನಿಮ್ ಮುದ್ದೆ ಎಲ್ಲಿ?”

“ಪ್ರಿಯಾಂಕಂಗೆ ಇನ್ನೊಂದು ಬೇಕಿತ್ತಲ್ಲ, ಆಕ್ದೆ. ನಂಗೆ ಇದೇ ಇಷ್ಟ ಕಣಮ್ಮ, ತಳದ್ದು.”

ಗಗನ ನಗಲಿಲ್ಲ. ಅವಳ ಮುಖ ಹೇಗೆ ಹೇಗೋ ಆಯಿತು. “ನಮ್ಮವ್ವನೂ ಇದೇ ಸುಳ್ಳು ಯೋಳೋದು,” ಎಂದಳು. “ಅವ್ವಂಗೆ ನಿಜವಾಗ್ಲೂ ತಳದ್ದೇ ಇಷ್ಟ ಅಂದ್ಕೊಂಡಿದ್ದೆ ನಾನು. ಇಷ್ಟು ವರ್ಸ.”

ಅಷ್ಟು ಹೇಳಿ ಮೆಟ್ಟಿಲಿಗೆ ಓಡಿ, “ಲೇ ಪ್ರಿಯಾಂಕ, ಬಾರೇ ಮ್ಯಾಕೆ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ಆ ರಾತ್ರಿಯೇ ಕಾನೂನು ಹೊರಟಿತು. ಅಡುಗೆ ಸರದಿಯ ಮೇಲೆ. ತಿಂದ ತಟ್ಟೆ ತಿಂದವರೇ ತೊಳೆಯಬೇಕು. ಮೂರು ತಟ್ಟೆ ಒಟ್ಟಿಗೆ ಇಡಬೇಕು, ಮೂವರೂ ಕೂರುವ ತನಕ ಯಾರೂ ಮುದ್ದೆ ಮುರಿಯುವ ಹಾಗಿಲ್ಲ. ಇನ್ನೊಂದನ್ನು ಪ್ರಿಯಾಂಕ ಸೇರಿಸಿದಳು. ಇನ್ನು ಮೇಲೆ ಆಂಟಿ ಅನ್ನುವ ಹಾಗಿಲ್ಲ, ಅಕ್ಕ ಅನ್ನಬೇಕು.

ಕಾನೂನು ಮಾಡಿದಷ್ಟು ಸುಲಭವಾಗಿ ಕೂರಲು ಆಶಾರಾಣಿಗೆ ಬರಲಿಲ್ಲ. ಕೂತ ಕೂಡಲೇ ಉಪ್ಪು ತರಲು ಏಳುವಳು, ಉಪ್ಪು ತಂದರೆ ನೀರಿಗೆ ಏಳುವಳು. ಗಗನ ಕೊನೆಗೆ ಅವಳ ಸೆರಗನ್ನು ತನ್ನ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರತೊಡಗಿದಳು. ಗಗನ ತಿರುವಿದ ಮುದ್ದೆಯಲ್ಲಿ ಗಂಟೋ ಗಂಟು, ಪ್ರಿಯಾಂಕ ಮಾಡಿದ ಸಾರಿಗೆ ಒಂದು ದಿನ ಉಪ್ಪೇ ಇಲ್ಲ, ಇನ್ನೊಂದು ದಿನ ಬಾಯಿಗಿಡುವಂತಿಲ್ಲ. ಆಶಾರಾಣಿಯ ಕೈ ತುರಿಸುತ್ತಿತ್ತು. ತಡೆದುಕೊಂಡಳು. ಅವಳ ಸರದಿ ಇಲ್ಲದ ಸಂಜೆಗಳಲ್ಲಿ ಕಿಟಕಿಯ ಪಕ್ಕ ಕೂತು ಓದಿದಳು. ಓದಿದ್ದು ತಲೆಗೆ ಹತ್ತತೊಡಗಿತು. ಮುಂದಿನ ಕಿರುಪರೀಕ್ಷೆಯಲ್ಲಿ ಪಾಸಾದಳು. ಪಾಠದ ಅಭ್ಯಾಸಕ್ಕೆಂದು ಹತ್ತಿರದ ಹೈಸ್ಕೂಲಿಗೆ ಕಳಿಸಿದಾಗ ಒಬ್ಬ ಹುಡುಗಿ ಕೈಯೆತ್ತಿ “ಮಿಸ್” ಎಂದಳು. ಒಂದು ಕ್ಷಣ ಆಶಾರಾಣಿ ತನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದಳು. ಆಮೇಲೆ ಮೈಯೆಲ್ಲ ಖುಷಿಯಾಯಿತು.

ಮಾರ್ನಮಿಗೆ ಮುಂಚಿನ ಶನಿವಾರ, ಅವಳು ವಾರವಾರದಂತೆ ಊರಿಗೆ ಹೊರಡುವ ಹೊತ್ತಿಗೆ, ಶಿವರಾಜು ಫೋನು ಮಾಡಿದ. “ನೀನು ಈ ವಾರ ಬರ್ಬ್ಯಾಡ. ಅವ್ವನೇ ನಾಳೆ ಬತ್ತಾವ್ಳೆ. ಮಂಡಿ ಊದ್ಕೊಂಡದೆ, ಕೊಟ್ಟಿಗೆ ಕೆಲಸ ಆಯ್ತಿಲ್ಲ. ಕರ್ಕೊಂಡೇ ಬತ್ತೀನಿ ಅಂತವ್ಳೆ. ನಾನು ಯೋಳ್ದೆ, ಕೇಳ್ನಿಲ್ಲ.” ಅವನು ಎಷ್ಟು ಗಟ್ಟಿಯಾಗಿ ಹೇಳಿರಬಹುದೆಂದು ಆಶಾರಾಣಿಗೆ ಗೊತ್ತಿತ್ತು. ಜಗಳ ಆಡುವ ಹೆಂಗಸಲ್ಲ ಅವಳು. ಊದಿದ ಮಂಡಿಯ ಮುಂದೆ ಯಾವ ಕಾಲೇಜಿನ ಮಾತು ಆಡುವುದು? ಭಾನುವಾರ ಬೆಳಿಗ್ಗೆ ಬಟ್ಟೆಗಳನ್ನು ಬ್ಯಾಗಿಗೆ ತುಂಬಿ ಬಾಗಿಲ ಬಳಿ ಇಟ್ಟಳು. ಹುಡುಗಿಯರು ನೋಡಿದರು. ಪ್ರಿಯಾಂಕ ಮೂಗು ಒರೆಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಬೆಟ್ಟಮ್ಮ ಬಂದರು. ಆಧಾರ್ ಕಾರ್ಡು ತೋರಿಸಿ ಫ್ರೀ ಬಸ್ಸಿನಲ್ಲಿ ಬಂದಿದ್ದರು. ಕಂಕುಳಲ್ಲಿ ರಾಗಿ ಹಿಟ್ಟಿನ ಗಂಟು, ಕೈಚೀಲದಲ್ಲಿ ತೆಂಗಿನಕಾಯಿ. ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ನೋಡುತ್ತಾರೆ, ಗಗನ ಒಲೆಯ ಮುಂದೆ ಮುದ್ದೆ ಕೋಲು ಹಿಡಿದು ಬೆವರುತ್ತಿದ್ದಾಳೆ, ಪ್ರಿಯಾಂಕ ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಳೆ, ಸೊಸೆ ಚಾಪೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದಾಳೆ.

“ಬೋ ಚೆನ್ನಾಗದೆ ಕಣವ್ವ!” ಎಂದರು ಬೆಟ್ಟಮ್ಮ. “ಎಳೇ ಮಕ್ಳು ಬೇಯ್ಸೋದು, ನೀನು ಕುಂತ್ಕೊಂಡು ಉಣ್ಣೋದು. ನಾನು ಅಲ್ಲಿ ಮಂಡಿ ಇಡ್ಕೊಂಡು ಸಗಣಿ ಬಾಚ್ತಾ ಇವ್ನಿ.”

ಆಶಾರಾಣಿ ಧಡಕ್ಕನೆ ಎದ್ದು ಅಡುಗೆಮನೆಗೆ ನುಗ್ಗಿದಳು. ಗಗನ ಕೋಲನ್ನು ಅಡ್ಡ ಹಿಡಿದಳು. “ಇವತ್ತು ನಿಮ್ ಸರದಿ ಅಲ್ಲ ಅಕ್ಕ. ನಿಮ್ದು ನಾಳೆ.”

“ಸುಮ್ಕಿರೇ, ಅತ್ತೆ ಬಂದವ್ರೆ.”

“ಬರ್ಲಿ. ಅವ್ರಿಗೂ ತಟ್ಟೆ ಇಡೋಣ.”

ನಾಲ್ಕು ತಟ್ಟೆ ಇಟ್ಟರು. ಬೆಟ್ಟಮ್ಮ ಗೋಡೆಗೆ ಒರಗಿ ನಿಂತುಕೊಂಡರು. “ನಿಮ್ಮದೆಲ್ಲ ಆಗ್ಲಿ, ಆಮ್ಯಾಕೆ ನಂದು,” ಎಂದರು. ಗಗನ ಪ್ರಿಯಾಂಕಳ ಮುಖ ನೋಡಿದಳು, ಇಬ್ಬರೂ ಆಶಾರಾಣಿಯ ಮುಖ ನೋಡಿದರು. ಮಾತು ಎಲ್ಲಿಂದ ಬಂದಿತ್ತು ಎಂದು ಆಗ ಅವರಿಗೆ ತಿಳಿಯಿತು.

“ಈ ಮನೇಲಿ ಹಂಗಿಲ್ಲ ಕಣಜ್ಜಿ,” ಎಂದಳು ಗಗನ. “ನೀವು ಕೂತ್ಕೊಳ್ಳೋ ಗಂಟ ನಾವೂ ಮುದ್ದೆ ಮುಟ್ಟಂಗಿಲ್ಲ. ನಂಗೆ ಹೊಟ್ಟೆ ಹಸೀತಾ ಅದೆ.”

ಹಸಿದ ಮಕ್ಕಳನ್ನು ಕಾಯಿಸುವ ಹೆಂಗಸಲ್ಲ ಬೆಟ್ಟಮ್ಮ. ಪ್ರಿಯಾಂಕ ಎಳೆದು ತಂದ ಕುರ್ಚಿಯ ಮೇಲೆ, ಕಾಲು ನೀಡಿಕೊಂಡು ಕೂತರು. ತಟ್ಟೆ ತೊಡೆಯ ಮೇಲೆ ಬಂತು. ಹೊಗೆಯಾಡುವ ಮುದ್ದೆ, ಮೇಲೆ ಸೊಪ್ಪಿನ ಸಾರು. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು.

“ಏನವ್ವ ಇದು, ಇಟ್ಟಿನೊಳಗೆ ಗೋಲಿ ಆಕಿದ್ದೀಯಾ?”

ಗಗನಳೂ ನಕ್ಕುಬಿಟ್ಟಳು. ಬೆಟ್ಟಮ್ಮ ನಗಲಿಲ್ಲ. ಇನ್ನೊಂದು ತುತ್ತು ಮುರಿದರು, ಅದನ್ನು ಕೈಯಲ್ಲೇ ಹಿಡಿದು ಕೂತರು. “ಬಿಸಿಯಾಗಿ ಅದೆ,” ಎಂದರು.

“ಆರಿಸ್ಕೊಂಡು ಉಣ್ಣಿ ಅಜ್ಜಿ,” ಎಂದಳು ಪ್ರಿಯಾಂಕ.

“ಆರಿದ್ದನ್ನ ಉಂಡೇ ಆಯಸ್ಸು ಕಳೀತು ಕಣವ್ವ.” ಬೆಟ್ಟಮ್ಮನ ದನಿ ಒಂದು ಥರವಾಯಿತು. “ಮದ್ವೆಯಾಗಿ ಬಂದಾಗಿಂದ ಇಟ್ಟು ತಟ್ತಾ ಇವ್ನಿ. ನಾನು ತಟ್ಟಿದ ಇಟ್ಟು ಬಿಸೀಲಿ ಎಂಗಿರ್ತದೆ ಅಂತ ನಂಗೇ ಗೊತ್ತಿಲ್ಲ.”

ಆಶಾರಾಣಿ ಇಷ್ಟು ವರ್ಷ ಅತ್ತೆಯ ಜೊತೆ ಅದೇ ಒಲೆಯ ಪಕ್ಕ ಕೂತು ಅದೇ ತಣ್ಣಗಿನ ಮುದ್ದೆ ಉಂಡಿದ್ದಳು. ಇಬ್ಬರೂ ಒಂದು ದಿನವೂ ಈ ಮಾತು ಆಡಿಕೊಂಡಿರಲಿಲ್ಲ. ಅವಳು ಪಾತ್ರೆಯಿಂದ ಇನ್ನಷ್ಟು ಬಿಸಿ ಸಾರು ತಂದು ಅತ್ತೆಯ ತಟ್ಟೆಗೆ ಬಿಟ್ಟಳು. ಗಗನ ಈ ಸಲ ತಡೆಯಲಿಲ್ಲ. ಬೆಟ್ಟಮ್ಮ ಗಂಟುಗಳ ಸಮೇತ ಪೂರ್ತಿ ಮುದ್ದೆ ಉಂಡು, ಅರ್ಧ ಇನ್ನೂ ಹಾಕಿಸಿಕೊಂಡರು.

ಕೈ ತೊಳೆದು ಬಂದವರ ಕಣ್ಣು ಬಾಗಿಲ ಬಳಿಯ ಬ್ಯಾಗಿನ ಮೇಲೆ ಬಿತ್ತು. “ಇದ್ಯಾಕೆ ಇಲ್ಲಿ ಅದೆ?”

“ನೀವು ಕರ್ಕೊಂಡ್ ಹೋಗಕ್ಕೆ ಬಂದಿದ್ದೀರಲ್ಲ ಅತ್ತೆ. ತುಂಬಿಟ್ಟಿವ್ನಿ.”

ಬೆಟ್ಟಮ್ಮ ಬ್ಯಾಗನ್ನು ನೋಡಿದರು, ಚಾಪೆಯ ಮೇಲೆ ಬೋರಲಾಗಿ ಬಿದ್ದಿದ್ದ ಪುಸ್ತಕವನ್ನು ನೋಡಿದರು. “ಮೇಷ್ಟ್ರಮ್ಮ ಆದ್ಮೇಲೆ,” ಎಂದು ಕೇಳಿದರು, “ಮದ್ಯಾನ ಸ್ಕೂಲಲ್ಲಿ ಉಣ್ಣೋದು ಎಂಗೆ? ಎಲ್ರೂ ಉಂಡ ಮ್ಯಾಲಾ?”

“ಇಲ್ಲ ಅತ್ತೆ. ಎಲ್ಲ ಮೇಷ್ಟ್ರುಗಳ ಜೊತೇಲೇ.”

“ಆಗ್ಲಿ ಬುಡು. ಬಟ್ಟೆ ಈಚೆಗೆ ತಗಿ, ಮುದುರೋಯ್ತವೆ. ಮಾರ್ನಮಿಗೆ ಬಾ, ಎಡೆ ಇಕ್ಕು, ಆಮ್ಯಾಕೆ ಬಂದ್ಬುಡು.”

“ನಿಮ್ ಮಂಡಿ? ಕೊಟ್ಟಿಗೆ?”

“ನಿನ್ ಗಂಡಂಗೆ ಕೈ ಇಲ್ವಾ? ಊರ್ನೋರ ಹಾಲು ಅಳೀತಾನೆ, ಮನೆ ಹಸು ಕರಿಯಾಕೆ ಏನು ದಾಡಿ?” ಎಂದು ಬೆಟ್ಟಮ್ಮ ಎದ್ದರು. ಹೋಗುವ ಮುಂಚೆ ಗಗನಳನ್ನು ಒಲೆಯ ಮುಂದೆ ನಿಲ್ಲಿಸಿ, ತಂದಿದ್ದ ಹಿಟ್ಟಿನಲ್ಲೇ ಗಂಟಿಲ್ಲದ ಹಾಗೆ ತಿರುವುವುದನ್ನು ಬೈದು ಬೈದು ಹೇಳಿಕೊಟ್ಟರು. ಆಶಾರಾಣಿ ಬಸ್ ಸ್ಟ್ಯಾಂಡಿನ ತನಕ ಹೋಗಿ ಮಳವಳ್ಳಿ ಬಸ್ಸಿನಲ್ಲಿ ಸೀಟು ಹಿಡಿದು ಕೂರಿಸಿದಳು.

ರಾತ್ರಿ ಊಟಕ್ಕೆ ಅಣಿಯಾಗುವಾಗ ಫೋನು ಬಂತು. ಮಗಳು ದೀಪಿಕ, ಗುಟ್ಟು ಹೇಳುವ ದನಿಯಲ್ಲಿ.

“ಅಮ್ಮ, ಅಜ್ಜಿಗೆ ಏನೋ ಆಗದೆ. ಈಗ ಅಪ್ಪಂಗೆ ಮುದ್ದೆ ಇಟ್ಬುಟ್ಟು, ತಾನೂ ತಟ್ಟೆ ತಂದು ಪಕ್ಕದಲ್ಲೇ ಕುಂತ್ಕೊಂಡ್ಲು. ಅಪ್ಪ ನೀರು ಅಂದ್ರು. ‘ಎದ್ದು ತಕ್ಕೊ, ನಾನು ಉಣ್ತಾ ಇವ್ನಿ’ ಅಂದ್ಲು.”

“ಅಪ್ಪ ಏನು ಮಾಡಿದ್ರು?”

“ಎದ್ದು ತಕ್ಕೊಂಡ್ರು. ಅಜ್ಜಿಗೂ ಒಂದು ಲೋಟ ತಂದ್ಕೊಟ್ರು.”

ಆಶಾರಾಣಿ ನಗಲು ಹೋಗಿ ಅತ್ತಳು. ಒಳಗಿಂದ ಪ್ರಿಯಾಂಕ ಕೂಗಿದಳು: “ಅಕ್ಕ, ತಟ್ಟೆ ಇಟ್ಟಾಯ್ತು, ಆರೋಗ್ತದೆ ಬನ್ನಿ.” ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು, ಉಪ್ಪಿಗೂ ನೀರಿಗೂ ಏಳದೆ ಕೂತು ಉಂಡಳು.