ಏಳನೆಯ ದಿನದ ರಕ್ತ

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಹಿಮ್ಮಡಿ ನನ್ನ ಹೆಬ್ಬೆರಳಿನ ತುದಿಯಷ್ಟೇ ಇರುತ್ತದೆ. ಅದನ್ನು ಬೆಚ್ಚಗಿನ ಬಟ್ಟೆಯಲ್ಲಿ ಕೆಲವು ನಿಮಿಷ ಸುತ್ತಿಟ್ಟು, ಒರೆಸಿ, ಒಣಗಲು ಬಿಟ್ಟು, ಬದಿಯಲ್ಲಿ ಒಂದೇ ಸಲ ಚುಚ್ಚಬೇಕು. ಮೊದಲ ಹನಿಯನ್ನು ಒರೆಸಿ ತೆಗೆಯಬೇಕು. ಆಮೇಲಿನ ಹನಿಗಳನ್ನು ಸಣ್ಣ ನಳಿಕೆಯಲ್ಲಿ ಹಿಡಿಯಬೇಕು. ಪುಣೆಯ ಒಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ನಾನು ವರ್ಷಗಳಿಂದ ಮಾಡುತ್ತ ಬಂದ ಕೆಲಸ ಇದು. ನಾನು ಡಾಕ್ಟರ್ ಅಲ್ಲ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಮದುವೆಯಾಗಿ ಪುಣೆಯ ಸದಾಶಿವ ಪೇಠಕ್ಕೆ ಬಂದವಳು. ಸಂಶೋಧನೆಯೊಂದಕ್ಕೆ ಕೂಸುಗಳ ರಕ್ತ ಸಂಗ್ರಹಿಸುವುದು, ಅದಕ್ಕೂ ಮೊದಲು ತಂದೆತಾಯಿಗಳ ಒಪ್ಪಿಗೆ ಪಡೆಯುವುದು ನನ್ನ ಪಾಲಿನ ಕೆಲಸ.

ಸಂಶೋಧನೆಯ ಪ್ರಶ್ನೆ ಹೇಳಲು ಸರಳ. ತಾಯಿಯ ರಕ್ತದಿಂದ ಕೂಸಿಗೆ ರೋಗ ತಡೆಯುವ ಶಕ್ತಿ ಹೆಚ್ಚಾಗಿ ಹರಿದು ಬರುವುದು ಕೊನೆಯ ಎರಡು ಮೂರು ತಿಂಗಳಲ್ಲಿ. ಅವಸರದಲ್ಲಿ ಹುಟ್ಟಿದ ಕೂಸು ಅದನ್ನು ಪಡೆಯದೆಯೇ ಹೊರಗೆ ಬಂದಿರುತ್ತದೆ. ಅದಕ್ಕೆ ಸೋಂಕು ತಗುಲಿದರೆ ನಮ್ಮ ಹಾಗೆ ಜ್ವರವೂ ಏರಬೇಕೆಂದಿಲ್ಲ. ಸುಮ್ಮನಾಗುತ್ತದೆ, ಮೈ ತಣ್ಣಗಾಗುತ್ತದೆ, ಉಸಿರಾಡುವುದನ್ನು ಮರೆಯುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕಿಂತ ಮೊದಲೇ ರಕ್ತದಲ್ಲಿ ಏನಾದರೂ ಸುಳಿವು ಸಿಗುತ್ತದೆಯೇ ಎಂದು ನಾವು ಹುಡುಕುತ್ತಿದ್ದೆವು. ಹುಟ್ಟಿದ ದಿನ, ಮೂರನೆಯ ದಿನ, ಏಳನೆಯ ದಿನ ತೆಗೆದ ರಕ್ತವನ್ನು ಸಂಖ್ಯೆ ಬರೆದು ಫ್ರೀಜರಿನಲ್ಲಿ ಇಡುತ್ತಿದ್ದೆವು. ಸಾಕಷ್ಟು ಕೂಸುಗಳ ರಕ್ತ ಸೇರಿದ ಮೇಲೆ, ತಿಂಗಳುಗಳ ನಂತರ, ಎಲ್ಲವನ್ನೂ ಒಟ್ಟಿಗೆ ಪರೀಕ್ಷೆಗೆ ಕಳಿಸುತ್ತಿದ್ದರು. ಕೂಸಿಗೆ ವರ್ಷ ತುಂಬಿದಾಗ ಕೊನೆಯದಾಗಿ ಇನ್ನೊಂದು ಸಲ ರಕ್ತ ತೆಗೆಯುವುದಿತ್ತು.

ಆ ವರ್ಷ ಒಂದು ಹೆಣ್ಣು ಕೂಸು ಬಂತು, ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ತಂದೆ ಪುಣೆಯ ಅಂಚಿನ ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುವವನು, ಬೆಳಗಾವಿ ಕಡೆಯ ಹಳ್ಳಿಯವನು. ತಾಯಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಜೊತೆಗೆ ಆಕೆಯ ಅತ್ತೆ, ಹಸಿರು ಇಳಕಲ್ ಸೀರೆ ಉಟ್ಟ ಗಟ್ಟಿ ಹೆಂಗಸು. ನಾನು ಮರಾಠಿಯಲ್ಲಿ ಮಾತು ಶುರು ಮಾಡಿದಾಗ ಮೂವರೂ ತಲೆಯಾಡಿಸಿದರು. ಅಷ್ಟರಲ್ಲಿ ಅತ್ತೆ ಸೊಸೆಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು: "ಈಕಿ ಏನ ಅನ್ನಾಕತ್ತಾಳ, ನನಗೊಂದೂ ತಿಳೀವಲ್ದು."

"ಕನ್ನಡದಾಗ ಹೇಳ್ತೀನಿ ಬಿಡ್ರಿ ಆಯಿ," ಎಂದೆ.

ಆಕೆಯ ಮುಖ ಅರಳಿತು. ಊರು ಯಾವುದು, ಮಕ್ಕಳೆಷ್ಟು ಎಂದೆಲ್ಲ ಕೇಳಿದರು. ನಮ್ಮ ಒಪ್ಪಿಗೆ ಪತ್ರ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ನಾನು ಅದನ್ನು ನೋಡುತ್ತ ಬಾಯಿಂದ ಕನ್ನಡದಲ್ಲಿ ಹೇಳುತ್ತ ಹೋದೆ.

"ಇಷ್ಟ ಸಣ್ಣ ಕೂಸಿನ ಮೈಯಾಗ ರಕ್ತ ಎಷ್ಟ ಇರತೈತಿ ಯವ್ವಾ?" ಆಯಿ ಕೇಳಿದರು. "ಅದರಾಗ ನಿಮಗೂ ಕೊಡಬೇಕಾ?"

"ನಾಕ ಹನಿ ಅಷ್ಟ ರೀ. ಏನೂ ಆಗೂದಿಲ್ಲ."

ಈ ಮಾತು ಪತ್ರದಲ್ಲಿ ಇರಲಿಲ್ಲ. ಚುಚ್ಚಿದ ಜಾಗದಲ್ಲಿ ಸೋಂಕಾಗುವ ಸಣ್ಣ ಅಪಾಯವಿದೆ ಎಂದು ಪತ್ರ ಹೇಳುತ್ತಿತ್ತು. ಆ ಸಾಲಿಗೆ ಬಂದಾಗ ನಾನು ಅದನ್ನು ಬಿಟ್ಟು ಮುಂದಕ್ಕೆ ಹೋದೆ. ಅವರು ಒಪ್ಪುತ್ತಿದ್ದರು, ನಮ್ಮ ಭಾಷೆಯವಳು ಎಂಬ ನಂಬಿಕೆ ಅವರ ಕಣ್ಣಲ್ಲಿತ್ತು, ನನಗೆ ಇನ್ನೂ ಎರಡು ಹಾಸಿಗೆ ನೋಡುವುದಿತ್ತು. ತಾಯಿ ಸಹಿ ಮಾಡಿದಳು.

ಸಾಮಾನ್ಯವಾಗಿ ಡಾಕ್ಟರರು ತಮ್ಮ ತಪಾಸಣೆಗೆ ರಕ್ತ ತೆಗೆಯುವಾಗಲೇ ನಮ್ಮ ಪಾಲನ್ನೂ ತೆಗೆಯುತ್ತಾರೆ. ಈ ಕೂಸಿನ ಏಳನೆಯ ದಿನ ಶನಿವಾರ ಬಂತು. ಕೂಸು ಚೆನ್ನಾಗಿತ್ತು, ನಳಿಕೆಯಲ್ಲಿ ಹಾಲು ಕುಡಿಯುತ್ತಿತ್ತು. ಅವತ್ತು ಬೇರೆ ಯಾವ ತಪಾಸಣೆಯೂ ಇರಲಿಲ್ಲ. ನಾನು ನಮ್ಮ ಸಂಶೋಧನೆಗಾಗಿ ಮಾತ್ರ ಹಿಮ್ಮಡಿ ಚುಚ್ಚಿದೆ. ಕೂಸು ಕಾಲು ಎಳೆದುಕೊಂಡು ಮುಖ ಕಿವುಚಿತು. ಅಳಲಿಲ್ಲ.

ಸೋಮವಾರ ಮಧ್ಯಾಹ್ನ ನಾನು ವಾರ್ಡಿಗೆ ಹೋದಾಗ ಆ ಕೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯ ಸುತ್ತ ನಾಲ್ಕು ಜನ ನಿಂತಿದ್ದರು. ಕೂಸಿನ ಬಣ್ಣ ಬೂದಿಯಾಗಿತ್ತು. ಎರಡು ಸಲ ಉಸಿರು ನಿಂತಿತ್ತಂತೆ. ಗಂಟಲಿಗೆ ಕೊಳವೆ ಹಾಕುತ್ತಿದ್ದರು. ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ಆಯಿ ಮಾತ್ರ ನೇರವಾಗಿ ನನ್ನ ಕೈಗಳನ್ನೇ ನೋಡಿದರು.

ರಕ್ತದಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವುದೆಂದು ಎರಡು ದಿನಗಳಲ್ಲಿ ತಿಳಿಯಿತು. ಇಂಥ ವಾರ್ಡುಗಳಲ್ಲಿ ಹೊಸದೇನಲ್ಲದ ಜಾತಿ. ಕರುಳಿನಲ್ಲಿರುತ್ತದೆ, ಕೈ ತೊಳೆಯುವ ಬೇಸಿನ್ನಿನಲ್ಲಿರುತ್ತದೆ, ಮನುಷ್ಯರ ಕೈಯಲ್ಲಿರುತ್ತದೆ. ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಆ ದಿನಗಳಲ್ಲಿ ನನಗೆ ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ಶನಿವಾರದ ಬೆಳಿಗ್ಗೆಯನ್ನು ನಿಮಿಷ ನಿಮಿಷವಾಗಿ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದೆ. ಕೈ ತೊಳೆದದ್ದು ಎಷ್ಟು ಹೊತ್ತು? ಹಿಮ್ಮಡಿ ಪೂರ್ತಿ ಒಣಗಿತ್ತೇ? ನಡುವೆ ಮೊಬೈಲು ಮುಟ್ಟಿದೆನೇ? ಮನೆಗೆ ಹೋಗುವಾಗ ಎರಡು ಸ್ಟಾಪು ಮೊದಲೇ ಬಸ್ಸಿಳಿದು ನಡೆಯುತ್ತಿದ್ದೆ. ನಮ್ಮ ಬೀದಿಯ ಕೋಚಿಂಗ್ ಕ್ಲಾಸುಗಳ ಮುಂದೆ ಸ್ಕೂಟರುಗಳ ಮೇಲೆ ಕೂತು ಹರಟುವ ಹುಡುಗ ಹುಡುಗಿಯರ ನಡುವೆ ದಾರಿ ಮಾಡಿಕೊಂಡು ಹೋಗಿ, ಮನೆ ಬಂದರೂ ಒಳಗೆ ಹೋಗದೆ ಇನ್ನೊಂದು ಸುತ್ತು ಹಾಕುತ್ತಿದ್ದೆ. ಗಂಡ, "ನೀ ಒಬ್ಬಾಕಿನ ಆ ಕೂಸಿನ ಮುಟ್ಟೀಯೇನು?" ಎಂದ. ಮುಟ್ಟಿದವರು ಹತ್ತು ಜನ. ಆದರೆ ಏನೂ ಆಗೂದಿಲ್ಲ ಎಂದು ಮಾತು ಕೊಟ್ಟವಳು ನಾನೊಬ್ಬಳೇ.

ಕೂಸು ಉಳಿಯಿತು. ಮೂರು ವಾರ ಔಷಧಿ ಕೊಟ್ಟರು, ಸೋಂಕು ಮಿದುಳಿನ ಪೊರೆಗೂ ಹಬ್ಬಿತ್ತು. ತೂಕ ಏರಿ ಮನೆಗೆ ಹೋಗುವ ದಿನ ಆಯಿ ನನ್ನ ಕೈಗೊಂದು ಪೇಡೆ ಇಟ್ಟರು.

ಐದು ತಿಂಗಳ ನಂತರ ಪರೀಕ್ಷೆಯ ಫಲಿತಾಂಶಗಳು ಬಂದವು. ಹಾಳೆಯಲ್ಲಿ ಹೆಸರುಗಳಿರುವುದಿಲ್ಲ, ಸಂಖ್ಯೆಗಳು ಮಾತ್ರ. ಆ ಕೂಸಿನ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಬೆರಳಿಟ್ಟು ಸಾಲು ಹುಡುಕಿದೆ. ಮೂರನೆಯ ದಿನದ ರಕ್ತ ಶಾಂತವಾಗಿತ್ತು. ಏಳನೆಯ ದಿನದ ರಕ್ತದಲ್ಲಿ, ಸೋಂಕು ಕಂಡೊಡನೆ ಜೀವಕೋಶಗಳು ಹೊರಗೆ ಬಿಡುವ ಒಂದು ಪದಾರ್ಥ ಬಹಳ ಮೇಲಕ್ಕೇರಿತ್ತು. ಅಂದರೆ ನಾನು ಚುಚ್ಚಿ ತೆಗೆದ ಆ ಹನಿಗಳಲ್ಲೇ ಸೋಂಕಿನ ಸುದ್ದಿ ಇತ್ತು. ನನ್ನ ಸೂಜಿಗಿಂತ ಮೊದಲೇ ಅದು ಕೂಸಿನ ಮೈಯೊಳಗೆ ಶುರುವಾಗಿತ್ತು.

ಮೊದಲು ಎದೆಯ ಮೇಲಿನ ಭಾರ ಇಳಿದಂತಾಯಿತು. ಚಹಾ ತರಲು ಎದ್ದು ನಾಲ್ಕು ಹೆಜ್ಜೆ ಹಾಕಿರಲಿಕ್ಕಿಲ್ಲ, ಇನ್ನೊಂದು ಯೋಚನೆ ಬಂದು ಅಲ್ಲಿಯೇ ನಿಂತೆ. ಆ ರಕ್ತ ತೆಗೆದದ್ದು ಶನಿವಾರ. ಔಷಧಿ ಶುರುವಾದದ್ದು ಸೋಮವಾರ.

ಹಾಳೆ ಹಿಡಿದು ನಮ್ಮ ಮುಖ್ಯ ಡಾಕ್ಟರರ ಬಳಿ ಹೋದೆ. ಆಕೆ ಪುಣೆಯವರೇ, ಕಡಿಮೆ ಮಾತಿನ ಹೆಂಗಸು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಕೂಸಿನ ಒಂದು ಸಂಖ್ಯೆಯಿಂದ ಏನೂ ಸಾಬೀತಾಗುವುದಿಲ್ಲ. ಅದೇ ಪದಾರ್ಥ ಏರಿಯೂ ಆರಾಮಾಗಿದ್ದ ಕೂಸುಗಳು ಇದೇ ಹಾಳೆಯಲ್ಲಿವೆ, ನೋಡು," ಎಂದು ಮರಾಠಿಯಲ್ಲಿ ಹೇಳಿದರು. ನೋಡಿದೆ, ಇದ್ದವು. "ಅರ್ಥ ಗೊತ್ತಿಲ್ಲದ ಫಲಿತಾಂಶವನ್ನು ಮನೆಯವರಿಗೆ ಹೇಳುವ ಹಾಗಿಲ್ಲ. ಹೇಳಿದರೆ ಅವರು ಜೀವನವಿಡೀ ಅದನ್ನೇ ಹಿಡಿದುಕೊಂಡು ಕೂಡುತ್ತಾರೆ." ಆಕೆಯ ಮಾತು ಸರಿಯಾಗಿಯೇ ಇತ್ತು. ಒಪ್ಪಿಕೊಂಡು ಬಂದೆ.

ಆಮೇಲೆ ಎರಡು ತಿಂಗಳಿಗೆ ಆ ಮನೆಯವರು ಕೂಸನ್ನು ತಪಾಸಣೆಗೆ ಕರೆತಂದರು. ಕಿವಿಯ ಪರೀಕ್ಷೆ ಇತ್ತು. ಎಡಗಿವಿ ಸರಿಯಾಗಿ ಕೇಳುತ್ತಿಲ್ಲ, ಮಿದುಳಿನ ಪೊರೆಯ ಸೋಂಕಿನಿಂದ ಹೀಗಾಗಿರಬಹುದು ಎಂದು ಕಿವಿಯ ಡಾಕ್ಟರರು ಹೇಳಿದರು. ಆಯಿ ಮತ್ತು ಮಗ ಔಷಧಿ ಅಂಗಡಿಗೆ ಹೋದರು. ತಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುವ ಜಾಗದ ಮೂಲೆಯಲ್ಲಿ ಕೂತಿದ್ದಳು. ನಾನು ಪಕ್ಕಕ್ಕೆ ಹೋಗಿ ಕೂತೆ.

"ಅಕ್ಕಾರ, ನಿಮಗೊಂದ ಹೇಳಲ್ಯಾ?" ಎಂದಳು. "ಯಾರಿಗೂ ಹೇಳಿಲ್ಲ. ಇಕಿ ಅಪ್ಪಗೂ ಹೇಳಿಲ್ಲ."

"ಹೇಳ ತಂಗಿ."

"ಆ ಐತವಾರ ಅತ್ತಿ, ಇವರು ಜೇಜುರಿಗೆ ಹೋಗಿದ್ರು. ಮಲ್ಲಯ್ಯಗ ಬೇಡಕೊಂಡ ಭಂಡಾರ ತಂದಿದ್ರು. ಸಿಸ್ಟರ್ ಒಳಗ ಒಯ್ಯಬ್ಯಾಡಂದಿದ್ರು. ಸೋಮವಾರ ಮುಂಜಾನೆ ಕೂಸಿನ್ನ ಎದಿ ಮ್ಯಾಲ ಹಾಕ್ಕೊಳ್ಳೂವಾಗ ನಾ ಒಂದ ಚಿಟಿಕಿ ಎದಿಗೆ ಹಚ್ಚಿಕೊಂಡ ಹೋದೆ. ಕೂಸಿನ ಬಾಯಿ ಅಲ್ಲೇ ಇತ್ತು." ಕೂಸಿನ ಎಡಗಿವಿಯ ಮೇಲೆ ಬೆರಳಾಡಿಸಿ, "ಮಧ್ಯಾಹ್ನಕ್ಕ ಹಂಗಾತು. ಈ ಕಿವಿ ನಾನ ಕೆಡಿಸಿದೆ," ಎಂದಳು.

ಅವತ್ತು ಬೆಂಚಿನ ಮೇಲೆ ಆಕೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡದ್ದು ಏಕೆಂದು ಆಗ ನನಗೆ ತಿಳಿಯಿತು. ಭಂಡಾರದ ಅರಿಶಿನದಿಂದ ಬೆರಳುಗಳು ಹಳದಿಯಾಗಿದ್ದಿರಬೇಕು. ಏಳು ತಿಂಗಳು ಇದನ್ನು ಒಬ್ಬಳೇ ಹೊತ್ತಿದ್ದಳು.

ಮುಖ್ಯ ಡಾಕ್ಟರರ ಮಾತು ನೆನಪಿತ್ತು. ಆದರೂ ಹೇಳಿದೆ. "ನೀ ಭಂಡಾರ ಹಚ್ಚಿಕೊಳ್ಳೂ ಮೊದಲ ಕೂಸಿಗೆ ಜಡ್ಡು ಸುರು ಆಗಿತ್ತು ಅನಸ್ತದ. ಶನಿವಾರ ನಾ ತಗೊಂಡ ರಕ್ತದಾಗ ಅದರ ಗುರ್ತು ಅದ. ನೂರಕ್ಕ ನೂರು ಖಾತ್ರಿ ಅಂತ ಹೇಳಲಿಕ್ಕೆ ಬರೂದಿಲ್ಲ. ಆದ್ರ ನಿನ್ನಿಂದ ಆಗೇದ ಅನ್ನೂದಕ್ಕಿಂತ ಆಗಿಲ್ಲ ಅನ್ನೂದಕ್ಕ ಆಧಾರ ಜಾಸ್ತಿ ಅದ." ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಒಪ್ಪಿಗೆ ಕೇಳುವಾಗ ಚುಚ್ಚಿದ ಜಾಗದ ಅಪಾಯದ ಮಾತನ್ನು ಬಿಟ್ಟುಬಿಟ್ಟಿದ್ದೆ, ನಾನೂ ನನ್ನ ಸೂಜಿಯಿಂದಲೇ ಆಯಿತೆಂದು ಹೆದರಿದ್ದೆ ಎಂದೂ ಹೇಳಿದೆ.

ಆಕೆ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸಮಾಧಾನವಾಯಿತೆಂದು ನಾನು ಅಂದುಕೊಳ್ಳುವಷ್ಟರಲ್ಲಿ ತಲೆ ಎತ್ತಿ ಕೇಳಿದಳು: "ಶನಿವಾರದ ರಕ್ತದಾಗ ಇತ್ತು ಅಂದ್ರ, ಶನಿವಾರನ ಯಾಕ ನೋಡಲಿಲ್ರಿ?"

"ಅವತ್ತ ನೋಡೂ ಪದ್ಧತಿ ಇಲ್ಲ. ಎಲ್ಲಾರದೂ ಕೂಡಿಸಿ ಆಮ್ಯಾಲ ನೋಡ್ತಾರ."

"ರಕ್ತ ನಿಮ್ಮ ಫ್ರಿಜ್ಜಿನ್ಯಾಗ ಇತ್ತು. ನನ್ನ ಮಗಳು ಬಾಜೂ ಖೋಲ್ಯಾಗ ಇದ್ದಳು," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕ ತಿಳಿಯದವರು ಇನ್ನೊಮ್ಮೆ ಕೇಳಿ ನೋಡುವ ಹಾಗೆ ಹೇಳಿದಳು.

ಮಾಡಿದ್ದನ್ನು ಅವತ್ತೇ ಮುಖ್ಯ ಡಾಕ್ಟರರಿಗೆ ಹೇಳಿದೆ. ಬಹಳ ಬೇಸರಪಟ್ಟರು. ಸಂಶೋಧನೆಯ ನೀತಿ ನಿಯಮ ನೋಡುವ ಸಮಿತಿಗೆ ವರದಿ ಹೋಯಿತು. ನನಗೆ ಎಚ್ಚರಿಕೆಯ ಪತ್ರ ಬಂತು. ಮೂರು ತಿಂಗಳು ಒಪ್ಪಿಗೆ ಕೇಳುವ ಕೆಲಸದಿಂದ ದೂರ ಇಟ್ಟರು. ನ್ಯಾಯವೇ. ಅದೇ ಸಭೆಯಲ್ಲಿ, ಕನ್ನಡದವರಿಗೆ ಬಾಯಿಮಾತಿನಲ್ಲಿ ಹೇಳಿ ಸಹಿ ಪಡೆದದ್ದು ತಪ್ಪು, ಪತ್ರವನ್ನು ಕನ್ನಡಕ್ಕೆ ತರಬೇಕು ಎಂದೂ ತೀರ್ಮಾನವಾಯಿತು. ತರುವ ಕೆಲಸ ನನ್ನ ಮೇಲೇ ಬಿತ್ತು. ಅಪಾಯದ ಸಾಲನ್ನು ಎಷ್ಟು ಸಲ ಬರೆದು ಹೊಡೆದು ಹಾಕಿದೆನೋ. ಹೆದರಿಸಲೂಬಾರದು, ಮುಚ್ಚಿಡಲೂಬಾರದು.

ಕೂಸಿಗೆ ವರ್ಷ ತುಂಬಿದಾಗ ನಮ್ಮ ಕೊನೆಯ ರಕ್ತದ ಮಾದರಿ ತೆಗೆಯುವುದಿತ್ತು. ತಾಯಿ ಒಬ್ಬಳೇ ಬಂದಳು. ಕೂಸಿನ ಎಡಗಿವಿಗೆ ಸಣ್ಣ ಯಂತ್ರ ಬಂದಿತ್ತು. ಅದನ್ನು ಮತ್ತೆ ಮತ್ತೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿತ್ತು, ತಾಯಿ ಮತ್ತೆ ಮತ್ತೆ ಒರೆಸಿ ಹಚ್ಚುತ್ತಿದ್ದಳು. ನಾನು ಕನ್ನಡದ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ತಗೋರಿ. ಆದ್ರ ಅದರಾಗ ಏನ ಬಂತಂತ ನನಗ ಹೇಳಬೇಕು."

"ಹೇಳಲಿಕ್ಕೆ ನನಗ ಪರವಾನಗಿ ಇಲ್ಲ ತಂಗಿ."

"ಹಂಗಾರ ಬ್ಯಾಡ್ರಿ," ಎಂದಳು. ಮೆಲ್ಲಗೆ ಎದ್ದು ಕೂಸನ್ನು ಬಗಲಿಗೆ ಏರಿಸಿಕೊಂಡಳು. ನನ್ನ ಮೇಲೆ ಮುನಿಸಿರಲಿಲ್ಲ. ಭೋಸರಿಯ ಬಸ್ಸು ಈಗ ಎಲ್ಲಿ ನಿಲ್ಲುತ್ತದೆಂದು ಕೇಳಿದಳು, ಹೊರಗಿನವರೆಗೂ ಹೋಗಿ ತೋರಿಸಿ ಬಂದೆ.

ಮಾದರಿ ಸಿಗದಿದ್ದರೆ ಕಾರಣ ಬರೆಯಲು ನಮ್ಮ ನಮೂನೆಯಲ್ಲಿ ಒಂದು ಜಾಗ ಇದೆ. ಊರು ಬಿಟ್ಟರು, ಹೆದರಿದರು, ಸಮಯವಿಲ್ಲ ಎಂದೆಲ್ಲ ಮೊದಲೇ ಅಚ್ಚಾದ ಆಯ್ಕೆಗಳಿವೆ. ಯಾವುದೂ ಹೊಂದಲಿಲ್ಲ. ಫಲಿತಾಂಶ ತಿಳಿಸುವುದಾದರೆ ಕೊಡುತ್ತೇನೆ ಎಂದರು ಎಂದು ಬರೆದೆ. ಎರಡು ದಿನ ಬಿಟ್ಟು ಕಂಪ್ಯೂಟರಿಗೆ ಮಾಹಿತಿ ತುಂಬುವವರು ಫೋನು ಮಾಡಿ, ಇದನ್ನು "ಇತರೆ" ಎಂದು ಹಾಕಲೇ ಎಂದು ಕೇಳಿದರು. ಹಾಗೆಯೇ ಬಿಡಿ ಎಂದೆ. ಮುಖ್ಯ ಡಾಕ್ಟರರು ಆ ಸಾಲನ್ನು ಓದಿ, ಸಮಿತಿಯ ಮುಂದಿಡುತ್ತೇನೆ ಎಂದು ಹಾಳೆಯನ್ನು ತಮ್ಮ ಬಳಿ ಇಟ್ಟುಕೊಂಡರು. ಸಮಿತಿ ಇನ್ನೂ ಏನೂ ಹೇಳಿಲ್ಲ. ಈ ನಡುವೆ ಒಂಬತ್ತು ಹೊಸ ಕೂಸುಗಳ ಏಳನೆಯ ದಿನದ ರಕ್ತ ಫ್ರೀಜರಿಗೆ ಹೋಗಿದೆ. ಅದರ ಬಾಗಿಲು ಹಾಕಿದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲುತ್ತೇನೆ, ಆಮೇಲೆ ವಾರ್ಡಿಗೆ ಹೋಗಿ ಆ ಕೂಸುಗಳ ಬಣ್ಣವನ್ನು ಇನ್ನೊಮ್ಮೆ ನೋಡಿ ಬರುತ್ತೇನೆ.