ಮುಡುಪಿನ ಗಂಟಿನಲ್ಲಿದ್ದ ಕಾರಿನ ಕೀ

ಗೆಳೆಯರೇ, ಇವತ್ತು ಬೆಳಿಗ್ಗೆ ಕಣ್ಣಾರೆ ಕಂಡದ್ದನ್ನು ಇನ್ನೂ ನಂಬಲಾಗುತ್ತಿಲ್ಲ.

ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಬಂದದ್ದು ಒಂದೇ ಕೀ. ನರಸೀಪುರದಲ್ಲಿ ಅದಕ್ಕೊಂದು ಡೂಪ್ಲಿಕೇಟ್ ಮಾಡಿಸಿದೆ. ಅಮ್ಮ ತಕ್ಷಣ, ಗಾಡಿಗೆ ಏನೂ ಆಗದಿರಲಿ ಎಂದು, ಅಸಲಿ ಕೀಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ನಂಜುಂಡೇಶ್ವರನಿಗೆ ಮುಡುಪು ಇಟ್ಟಳು. ಇವತ್ತು ಅದನ್ನು ಒಪ್ಪಿಸಲು ಸೋಸಲೆಯಿಂದ ಹೊರಟೆವು. ಡೂಪ್ಲಿಕೇಟ್ ಕೀಗೆ ಬಾಗಿಲೇನೋ ತೆರೆಯಿತು, ಎಂಜಿನ್ ಸ್ಟಾರ್ಟ್ ಆಗಲಿಲ್ಲ.

ಮೆಕ್ಯಾನಿಕ್ ರಾಚಣ್ಣ ಬಂದು ನೋಡಿದ. "ಎರಡು ಕೀದೂ ಅಲ್ಲು ಒಂದೇ ತರ ಅದೆ ಸಾ, ಅದ್ಕೇ ಬಾಗ್ಲು ತೆಗೀತು. ಆದ್ರೆ ಅಸಲಿ ಕೀ ತಲೇಲಿ ಚಿಪ್ ಅದೆ. ಅದರ ಗುರ್ತು ಸಿಗ್ದೆ ಎಂಜಿನ್ ಏಳಾಕಿಲ್ಲ."

"ದೇವ್ರಿಗೆ ಕಟ್ಟಿದ್ ಗಂಟ ನಾನು ಬಿಚ್ಚಾಕಿಲ್ಲ ಕಣಪ್ಪಾ," ಎಂದಳು ಅಮ್ಮ.

"ಬಿಚ್ಬ್ಯಾಡಿ ಕಣವ್ವಾ. ಇಲ್ಲಿ ಅತ್ರ ಇಡ್ಕಳಿ, ಸಾಕು."

ಅಮ್ಮ ಗಂಟನ್ನು ಕೀ ತೂತಿನ ಪಕ್ಕ ಹಿಡಿದಳು. ನಾನು ಡೂಪ್ಲಿಕೇಟ್ ತಿರುಗಿಸಿದೆ. ಎಂಜಿನ್ ಗುರ್ರೆಂದು ಎದ್ದಿತು. ಬಟ್ಟೆಯೊಳಗೆ ಸುಮ್ಮನೆ ಮಲಗಿದ್ದ ಕೀಯನ್ನು ಕಾರು ಗುರುತು ಹಿಡಿದಿತ್ತು. ಅಮ್ಮ ಕಾರಿಗೇ ಕೈಮುಗಿದಳು.

ಈಗ ನಂಜನಗೂಡಿನ ಗುಡಿ ಮುಂದೆ ಇದ್ದೇವೆ. ಮುಡುಪನ್ನು ಗಂಟು ಸಮೇತ ಹುಂಡಿಗೇ ಹಾಕಬೇಕೆಂದು ಅಮ್ಮ ಹಟ ಹಿಡಿದಿದ್ದಾಳೆ. ನಾನಿನ್ನೂ ಎಂಜಿನ್ ಆಫ್ ಮಾಡಿಲ್ಲ.